ಪಕ್ಷದ ಸಮಾವೇಶ ಮತ್ತು ನಮ್ಮೂರ ಕಾರ್ಯಕರ್ತರು

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿಯ ನೆಹರು ಮೈದಾನ, ಧಾರವಾಡದ ಕಡಪಾ ಮೈದಾನ, ಹಾವೇರಿಯ ಮುನ್ಸಿಪಲ್ ಹೈಸ್ಕೂಲ್ ಮೈದಾನ. ಈ ಹೆಸರು ಕೇಳಿದರೆ ನಮ್ಮ ಭಾಗದ ಜನರಿಗೆ ಒಂದಲ್ಲ ಒಂದು ರಾಜಕೀಯ ಸಭೆ ನೆನಪಾಗುತ್ತದೆ. ಅಲ್ಲಿ ಯಾವ ನಾಯಕರು ಏನು ಮಾತಾಡಿದರು ಅನ್ನೋದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಹಂದರ ಹಾಕಿಸಿದವರು, ನೀರು ಕೊಟ್ಟವರು, ಕಡೆಗೆ ಕುರ್ಚಿ ಎಣಿಸಿ ಒಪ್ಪಿಸಿದವರು ಯಾರು ಅನ್ನೋದು ಎಲ್ಲೂ ಬರುವುದಿಲ್ಲ. ಇವತ್ತು ಅವರ ಕೆಲಸದ ಬಗ್ಗೆ ಮಾತಾಡುತ್ತೇನೆ. ಆ ಕೆಲಸದಲ್ಲಿ ನಾನೂ ಕೈ ಹಾಕಿದವನು. ಯಾವ ಪಕ್ಷ ಅನ್ನೋದು ಇಲ್ಲಿ ಮುಖ್ಯವಲ್ಲ, ಕೆಲಸ ಎಲ್ಲ ಕಡೆಯೂ ಒಂದೇ.

ಧಾರವಾಡ ಜಿಲ್ಲೆಯಲ್ಲಿ 7, ಗದಗದಲ್ಲಿ 4, ಹಾವೇರಿಯಲ್ಲಿ 6 ವಿಧಾನಸಭಾ ಕ್ಷೇತ್ರಗಳಿವೆ. 2021ರ ಚುನಾವಣೆಯ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ 82 ವಾರ್ಡುಗಳಿದ್ದವು. ಪ್ರತಿ ಪಕ್ಷವೂ ಇದರ ಒಳಗೆ ತನ್ನದೇ ಹಂತಗಳನ್ನು ಮಾಡಿಕೊಂಡಿರುತ್ತದೆ. ಒಬ್ಬರು ಬ್ಲಾಕ್ ಅಂತಾರೆ, ಇನ್ನೊಬ್ಬರು ಮಂಡಲ ಅಂತಾರೆ, ಮತ್ತೊಬ್ಬರು ತಾಲೂಕು ಘಟಕ ಅಂತಾರೆ. ಹೆಸರು ಏನೇ ಇರಲಿ, ಎಲ್ಲರ ಕೆಳಗೂ ಇರುವುದು ಬೂತ್, ಅಂದರೆ ಒಂದು ಮತಗಟ್ಟೆಯ ವ್ಯಾಪ್ತಿ. ಕಾರ್ಯಕರ್ತರ ಸಮಾವೇಶ ಅಂದರೆ ಆ ಬೂತಿನ ಜನ ಒಂದು ಕಡೆ ಸೇರುವುದು.

ಇದು ಶುರುವಾಗುವುದು ಪೂರ್ವಭಾವಿ ಸಭೆಯಲ್ಲಿ. ಯಾರದೋ ಮನೆಯ ಪಡಸಾಲೆ, ಸಮುದಾಯ ಭವನ ಅಥವಾ ಗುಡಿಯ ಕಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಜನ ಕೂರುತ್ತಾರೆ. ಚಹಾ, ಚುರುಮುರಿ ಬರುತ್ತದೆ. ಮೊದಲ ಚರ್ಚೆಯೇ ತಾರೀಖಿನದು. ಮುಂಗಾರು ಬಿತ್ತನೆ ನಡೆದಿರುವಾಗ ರೈತ ಹೊಲ ಬಿಟ್ಟು ಬರುವುದಿಲ್ಲ. ಬ್ಯಾಡಗಿಯಲ್ಲಾದರೆ ಸೀಸನ್ನಿನಲ್ಲಿ ಸೋಮವಾರ, ಗುರುವಾರ ಇಡಲೇಬಾರದು. ಅವತ್ತು ಮೆಣಸಿನಕಾಯಿ ಮಾರುಕಟ್ಟೆ, ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಶಿವರಾತ್ರಿಯ ಹೊತ್ತಿಗೆ ಸಿದ್ಧಾರೂಢರ ಜಾತ್ರೆ, ಗದಗಿನಲ್ಲಿ ತೋಂಟದಾರ್ಯರ ಜಾತ್ರೆ. ಬೆಂಗಳೂರಿನಿಂದ ನಾಯಕರು ಕೊಟ್ಟ ತಾರೀಖನ್ನು ಈ ಲೆಕ್ಕ ನೋಡದೆ ಒಪ್ಪಿಕೊಂಡರೆ ಖಾಲಿ ಕುರ್ಚಿ ನೋಡಬೇಕಾಗುತ್ತದೆ. ಇದನ್ನು ಧೈರ್ಯವಾಗಿ ಹೇಳುವವನು ಹಳ್ಳಿಯ ಕಾರ್ಯಕರ್ತನೇ. ಅದಕ್ಕೇ ಆ ಸಭೆಯಲ್ಲಿ ಅವನು ಇರಲೇಬೇಕು.

ಪರವಾನಗಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಮೈದಾನ ಯಾರದೋ ಅವರ ಒಪ್ಪಿಗೆ, ಧ್ವನಿವರ್ಧಕಕ್ಕೆ ಪೊಲೀಸರ ಒಪ್ಪಿಗೆ, ತಾತ್ಕಾಲಿಕ ಕರೆಂಟಿಗೆ ಹೆಸ್ಕಾಂ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಡೆ ಮೈಕ್ ಹಾಕುವಂತಿಲ್ಲ. ಚುನಾವಣೆ ಘೋಷಣೆಯಾಗಿದ್ದರೆ ಚುನಾವಣಾಧಿಕಾರಿಗಳ ಅನುಮತಿಯೂ ಬೇಕು. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದರೂ ಕಂಬಕಂಬಕ್ಕೆ ಕಟ್ಟುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ದೇಶದ ಖಾದಿ ಬಾವುಟ ತಯಾರಾಗುತ್ತದೆ. ಅಂಥ ಊರಿನಲ್ಲಿ ಒಂದು ಬಟ್ಟೆ ಬ್ಯಾನರ್ ಬರೆಸಲು ನಮಗೆ ಆಗುವುದಿಲ್ಲವೇ?

ಇನ್ನು ಸ್ವಯಂಸೇವಕರ ಕೆಲಸಕ್ಕೆ ಬರುತ್ತೇನೆ. ನೋಡುವವರಿಗೆ ಅದು ಸುಮ್ನೆ ಓಡಾಟ. ಒಳಗಿನಿಂದ ನೋಡಿದರೆ ಒಂದೊಂದೂ ಕಲಿಯಬೇಕಾದ ವಿದ್ಯೆ. ಗಾಡಿಗಳನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿಯಲ್ಲಿ ಸಮಾವೇಶ ಅಂದರೆ ಕ್ರೂಸರ್, ಟಂಟಂ, ಕರಾರಿನ ಮೇಲೆ ಪಡೆದ ಸಾರಿಗೆ ಬಸ್ಸು ಎಲ್ಲ ಬರುತ್ತವೆ. ಎಲ್ಲವೂ ಚೆನ್ನಮ್ಮ ಸರ್ಕಲ್ಲಿಗೇ ನುಗ್ಗಿದರೆ ಊರೇ ನಿಂತುಬಿಡುತ್ತದೆ. ನವಲಗುಂದ ಕಡೆಯ ಗಾಡಿಗೆ ಒಂದು ಜಾಗ, ಕಲಘಟಗಿ ಕಡೆಯದಕ್ಕೆ ಇನ್ನೊಂದು, ಕುಂದಗೋಳ ಕಡೆಯದಕ್ಕೆ ಮತ್ತೊಂದು ಅಂತ ಮೊದಲೇ ಗೊತ್ತು ಮಾಡಬೇಕು. ಪ್ರತಿ ತಿರುವಿನಲ್ಲಿ ಆ ಕಡೆಯ ಹುಡುಗನೇ ನಿಲ್ಲಬೇಕು. ತಮ್ಮೂರ ಮುಖ ಕಂಡರೆ ಡ್ರೈವರ್ ಮಾತು ಕೇಳುತ್ತಾನೆ.

ಸಭೆ ಮುಗಿದ ಮೇಲಿನ ಗದ್ದಲ ಇನ್ನೂ ಜಾಸ್ತಿ. ವಯಸ್ಸಾದವರು ತಮ್ಮ ಗಾಡಿ ಸಿಗದೆ ಮೈದಾನದ ಬಾಗಿಲಲ್ಲಿ ನಿಂತಿರುತ್ತಾರೆ. "ಯಪ್ಪಾ, ನಮ್ಮ ಗಾಡಿ ಎಲ್ಲೈತಿ?" ಅಂತ ಕಂಡ ಕಂಡವರನ್ನು ಕೇಳುತ್ತಾರೆ. ಇದಕ್ಕೆ ಒಳ್ಳೆಯ ಉಪಾಯ ಇದೆ. ಹೊರಡುವಾಗಲೇ ಊರಿನ ಹೆಸರು, ಗಾಡಿ ನಂಬರು, ಡ್ರೈವರ್ ಫೋನ್ ನಂಬರು ಬರೆದ ಚೀಟಿಯನ್ನು ಪ್ರತಿಯೊಬ್ಬರ ಕೈಗೆ ಕೊಡುವುದು. ಒಂದು ಚೀಟಿ, ಅಷ್ಟೇ. ಕಾಕಾ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರೆ ಸಂಜೆ ಮನೆ ಸೇರುತ್ತಾರೆ.

ನೀರಿನದು ಅದಕ್ಕಿಂತ ದೊಡ್ಡ ವಿಷಯ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದಕ್ಕೆ ಕರೆದ ಸಭೆ ನಾಯಕರು ಬಂದ ಮೇಲೆ ಎರಡಕ್ಕೆ ಶುರುವಾಗುತ್ತದೆ. ಅಲ್ಲಿಯವರೆಗೆ ಜನ ತಗಡಿನ ಕೆಳಗೆ ಕುಳಿತಿರುತ್ತಾರೆ. ಟ್ಯಾಂಕರ್ ಮೂಲೆಯಲ್ಲಿ ನಿಂತರೆ ಸಾಲದು. ಕುಳಿತಲ್ಲಿಗೇ ನೀರು, ಮಜ್ಜಿಗೆ ಹೋಗಬೇಕು. ಅದಕ್ಕೆ ಸಾಲುಗಳ ನಡುವೆ ಓಡಾಡುವಷ್ಟು ದಾರಿ ಬಿಟ್ಟು ಕುರ್ಚಿ ಹಾಕಬೇಕು. ಹೆಣ್ಣುಮಕ್ಕಳು ಕೂರುವ ಕಡೆ ಶೌಚಾಲಯ ಹತ್ತಿರ ಇರಬೇಕು. ಇದನ್ನು ಮರೆತ ಸಭೆಗಳಲ್ಲಿ ಹೆಣ್ಣುಮಕ್ಕಳು ನೀರೇ ಕುಡಿಯದೆ ಕುಳಿತಿರುವುದನ್ನು ಕಂಡಿದ್ದೇನೆ. ಊಟಕ್ಕೆ ಪಲಾವ್ ಇರಲಿ, ಗೋಧಿ ಹುಗ್ಗಿ ಇರಲಿ, ದೂರದ ಹಳ್ಳಿಯವರಿಗೆ ಮೊದಲು ಬಡಿಸಬೇಕು. ಅವರು ನಸುಕಿನಲ್ಲೇ ಮನೆ ಬಿಟ್ಟಿರುತ್ತಾರೆ.

ಈ ಎಲ್ಲ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ಪಾಲು ಯಾವುದು? ಕುಂಭ ಹೊರುವುದು, ಆರತಿ ಹಿಡಿಯುವುದು. ಕುಂದಗೋಳ ಕಡೆಯ ಒಬ್ಬ ಅಕ್ಕ ಪೂರ್ವಭಾವಿ ಸಭೆಯಲ್ಲಿ ಎದ್ದು ಕೇಳಿದರು: "ಅಣ್ಣಾರ, ಕುಂಭ ಹೊರಾಕ ನಾವು ಬೇಕು, ಯಾದಿ ಬರಿಯಾಕ ಬ್ಯಾಡೇನು?" ಅಲ್ಲಿದ್ದ ಗಂಡಸರು ಯಾರೂ ಉತ್ತರ ಕೊಡಲಿಲ್ಲ.

ಆ ಅಕ್ಕನ ಪ್ರಶ್ನೆಗೆ ಹುಬ್ಬಳ್ಳಿ ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದಕ್ಕೆ ಸ್ವಯಂಸೇವಕಿಯರನ್ನು ಸೇರಿಸಲು ಉಮಾಬಾಯಿ ಕುಂದಾಪುರ ಊರೂರು ತಿರುಗಿದರು. ಅವರು ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾ ಶಾಲೆ ನಡೆಸುತ್ತಿದ್ದವರು. ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಹೆಣ್ಣುಮಕ್ಕಳು ಹೊಸಿಲು ದಾಟುವುದೇ ಕಷ್ಟವಾಗಿದ್ದ ಕಾಲ ಅದು. ಆದರೂ 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಅವರು ಅಧಿವೇಶನದ ಸೇವೆಗೆ ಕರೆತಂದರು. ಬಸ್ಸು ಕಳಿಸಿ ತುಂಬಿಸಿಕೊಂಡು ಬಂದ ಜನ ಅಲ್ಲ ಅವರು.

ಉಮಾಬಾಯಿ ಜೊತೆ ನೆನೆಯಬೇಕಾದವರು ಡಾಕ್ಟರ್ ನಾ. ಸು. ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ವೈದ್ಯರು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರ ಜೊತೆ ಹೋಗಿ ಜೈಲು ಸೇರಿದರು. ಕ್ಷಮೆ ಕೇಳಿ ಹೊರಬರಲು ಅವರ್ಯಾರೂ ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡದ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಅನ್ನುವ ಸ್ವಯಂಸೇವಕರ ಸಂಘಟನೆ ಹುಟ್ಟಿತು. ಅದರ ಕಚೇರಿ ಹುಬ್ಬಳ್ಳಿಯಲ್ಲಿತ್ತು. ಸ್ವಯಂಸೇವೆಗೂ ತರಬೇತಿ ಬೇಕು, ಶಿಸ್ತು ಬೇಕು ಅಂತ ದೇಶಕ್ಕೆ ಕಲಿಸಿದ್ದರಲ್ಲಿ ನಮ್ಮ ಊರಿನ ಪಾಲು ದೊಡ್ಡದು. ಆ ಸಂಘಟನೆ ಒಂದು ಪಕ್ಷದ್ದಾಗಿರಬಹುದು, ಆ ಪಾಠವನ್ನು ಎಲ್ಲ ಪಕ್ಷದವರೂ ತೆಗೆದುಕೊಳ್ಳಬಹುದು. ಈಗಿನ ಸಮಾವೇಶಗಳಲ್ಲಿ ಹುಡುಗರ ಕೈಗೆ ಬ್ಯಾಡ್ಜ್, ಟೋಪಿ ಕೊಡುತ್ತಾರೆ. ಕಾಲ್ತುಳಿತ ಆಗದಂತೆ ಜನರನ್ನು ಹೇಗೆ ಬಿಡಬೇಕು, ತಲೆಸುತ್ತು ಬಂದು ಬಿದ್ದವರನ್ನು ಎಲ್ಲಿಗೆ ಒಯ್ಯಬೇಕು ಅಂತ ಹೇಳಿಕೊಡುವುದು ಅಪರೂಪ. ಹಿಂದಿನ ದಿನ ಒಂದು ತಾಸು ಮೈದಾನದಲ್ಲೇ ಎಲ್ಲರನ್ನೂ ನಿಲ್ಲಿಸಿ ತೋರಿಸಿದರೆ ಸಾಕು.

ಹೊಸದಾಗಿ ಸೇರಬೇಕು ಅನ್ನುವ ತಮ್ಮ ತಂಗಿಯರಿಗೆ ಎರಡು ಮಾತು. ಸಮಾವೇಶದ ದಿನವೇ ಬಂದು "ಏನ್ ಕೆಲಸ ಐತ್ರಿ?" ಅಂದರೆ ನಿಮಗೆ ಸಿಗುವುದು ಬಾವುಟ ಹಿಡಿಯುವ ಕೆಲಸ. ನಿಮ್ಮ ಓಣಿಯ ಬೂತಿನಲ್ಲಿ ಆ ಪಕ್ಷದ ಕೆಲಸ ಯಾರು ನೋಡುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಪೂರ್ವಭಾವಿ ಸಭೆಗೆ ಹೋಗಿ ಕೂರಿ. ಒಂದೇ ಒಂದು ಕೆಲಸ ಕೇಳಿ ತೆಗೆದುಕೊಳ್ಳಿ, ಅದನ್ನು ಕಡೆಯವರೆಗೂ ಮಾಡಿ. ಸರ್ಕಾರಿ ನೌಕರರು ಇದರಲ್ಲಿ ಭಾಗವಹಿಸುವಂತಿಲ್ಲ. ಚುನಾವಣಾ ಪ್ರಚಾರಕ್ಕೆ ಮಕ್ಕಳನ್ನು ಬಳಸಬಾರದು ಅಂತ ಚುನಾವಣಾ ಆಯೋಗ 2024ರಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ. ಹಾಗಾಗಿ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.

ಹಣ ಮುಟ್ಟುವ ಕೆಲಸ ಬಂದರೆ ಪಾವತಿ (ರಸೀದಿ) ಪುಸ್ತಕ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. 2,000 ರೂಪಾಯಿಗಿಂತ ಜಾಸ್ತಿ ದೇಣಿಗೆಯನ್ನು ನಗದಾಗಿ ಪಡೆದರೆ ಪಕ್ಷದ ತೆರಿಗೆ ವಿನಾಯಿತಿಗೆ ಕುತ್ತು ಬರುತ್ತದೆ. ಚುನಾವಣೆಯ ಹೊತ್ತಿನಲ್ಲಿ ಅಭ್ಯರ್ಥಿಯ ಪ್ರಚಾರಕ್ಕೆ ಸಭೆ ಮಾಡಿದರೆ ಶಾಮಿಯಾನ, ಕುರ್ಚಿ, ಊಟ ಎಲ್ಲವೂ ಅವರ ಖರ್ಚಿನ ಲೆಕ್ಕಕ್ಕೆ ಬರುತ್ತವೆ. ವಿಧಾನಸಭೆಗೆ ಆ ಮಿತಿ 40 ಲಕ್ಷ ರೂಪಾಯಿ. ಬಿಲ್ಲುಗಳನ್ನು ಜೋಪಾನ ಮಾಡಿ.

ಪಕ್ಷದ ಹಿರಿಯರಲ್ಲೂ ಒಂದು ವಿನಂತಿ ಇದೆ. ಸಮಾವೇಶದಲ್ಲಿ ವೇದಿಕೆಯ ಮೇಲಿನವರ ಹೆಸರು ಹೇಳುವುದಕ್ಕೇ ಅರ್ಧ ತಾಸು ಹೋಗುತ್ತದೆ. ಹಾರ, ಶಾಲು, ಪೇಟ ಅಂತ ಇನ್ನರ್ಧ ತಾಸು. ಬೂತಿನಿಂದ ಬಂದವರು ಕೇಳಿ, ಚಪ್ಪಾಳೆ ತಟ್ಟಿ ಹೋಗುತ್ತಾರೆ. ಆ ಒಂದು ತಾಸನ್ನು ಅವರಿಗೇ ಕೊಡಿ. ಅಣ್ಣಿಗೇರಿಯ ಕಾರ್ಯಕರ್ತ ಬೆಳೆ ವಿಮೆಯ ಬಗ್ಗೆ ಹೇಳಲಿ, ಹಳೇ ಹುಬ್ಬಳ್ಳಿಯ ಅಕ್ಕ ನಳದ ನೀರಿನ ಬಗ್ಗೆ ಹೇಳಲಿ. ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ಗೊತ್ತಿರುವುದು ಅವರಿಗೇ, ಅಲ್ವಾ? ಒಬ್ಬರು ಎಲ್ಲವನ್ನೂ ಬರೆದುಕೊಳ್ಳಲಿ. ಆ ಅಕ್ಕ ಕೇಳಿದ ಯಾದಿ ಬರೆಯುವ ಕೆಲಸ ಅಂದರೆ ಇದೇ.

ಸಮಾವೇಶದ ಮರುದಿನ ಬೆಳಿಗ್ಗೆ ಮೈದಾನದ ಕಸ ತೆಗೆಸಿ, ಶಾಮಿಯಾನದವರ ಬಾಕಿ ಕೊಟ್ಟುಬಿಡಿ. ವಾರದೊಳಗೆ ಕೆಲಸ ಮಾಡಿದವರಿಗೆಲ್ಲ ಫೋನ್ ಮಾಡಿ, ಮನೆ ಮುಟ್ಟಿದರೋ, ಏನು ತೊಂದರೆಯಾಯಿತೋ ಕೇಳಿ. ಮುಂದಿನ ಪೂರ್ವಭಾವಿ ಸಭೆಯಲ್ಲಿ ಚಹಾ ಬರುವ ಮೊದಲೇ ಆ ಯಾದಿ ಓದಿಸಿ, ಅದರಲ್ಲಿ ಯಾವುದು ಆಯಿತು, ಯಾವುದು ಆಗಿಲ್ಲ ಅಂತ ಬರೆದವರಿಂದಲೇ ಹೇಳಿಸಿ.

ನಮಸ್ಕಾರ.