ಹುಲ್ಲಿನ ಚೀಲದೊಳಗಿನ ಬಿಳಿ ಎಳೆಗಳು

ನಮಸ್ಕಾರ. ಈಗ ನೀವು ನೋಡುತ್ತಿರುವುದು 18 ದಿನಗಳ ಹಿಂದೆ ನಾನು ತುಂಬಿಟ್ಟ ಒಣಹುಲ್ಲಿನ ಚೀಲ. ಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇರಿಸಿ, ನೀರು ಪೂರ್ತಿ ಬಸಿದ ಮೇಲೆ ಪದರ ಪದರವಾಗಿ ಚಿಪ್ಪಣಬೆಯ ಬೀಜವನ್ನು ಉದುರಿಸಿದ್ದೆ. ಅಂದು ಹೊಂಬಣ್ಣದಲ್ಲಿದ್ದ ಹುಲ್ಲು ಇಂದು ಹತ್ತಿ ತುಂಬಿದಂತೆ ಬೆಳ್ಳಗಾಗಿದೆ. ಅದುಮಿ ನೋಡಿದರೆ ಕಡ್ಡಿಗಳು ಬಿಡಿಬಿಡಿಯಾಗಿ ಜಾರುವುದಿಲ್ಲ, ಇಡೀ ಚೀಲ ಒಂದೇ ಗಟ್ಟಿ ಮುದ್ದೆಯಾಗಿ ಕೈಗೆ ತಾಗುತ್ತದೆ.

ಹುಲ್ಲನ್ನು ಹೀಗೆ ಹೆಣೆದಿರುವ ಬಿಳಿ ಎಳೆಗಳೇ ಶಿಲೀಂಧ್ರದ ನಿಜವಾದ ದೇಹ. ನಾವು ಕೊಯ್ಯುವ ಕೊಡೆ ಅದರ ಫಲ ಮಾತ್ರ. ಹುಲ್ಲಿನಲ್ಲಿರುವ ಸೆಲ್ಯುಲೋಸ್ ಎಂಬ ನಾರು ನಮ್ಮ ಹೊಟ್ಟೆಗೆ ಅರಗುವುದಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಅರಗಿಸಬಲ್ಲವಾದರೂ, ಅದನ್ನು ಬಿಗಿದು ಹಿಡಿದಿರುವ ಲಿಗ್ನಿನ್ ಎಂಬ ಗಟ್ಟಿ ವಸ್ತು ಅವಕ್ಕೂ ಬಗ್ಗುವುದಿಲ್ಲ. ಚಿಪ್ಪಣಬೆ ಲ್ಯಾಕೇಸ್‌ನಂತಹ ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಆ ಬಿಗಿಯನ್ನು ಸಡಿಲಿಸಿ, ಹುಲ್ಲನ್ನು ತನ್ನ ದೇಹದ ಹೊರಗೇ ಜೀರ್ಣಿಸಿ, ಕರಗಿದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ.

ಆದರೆ ಸಕ್ಕರೆಯೊಂದರಿಂದಲೇ ಪ್ರೊಟೀನ್ ಆಗುವುದಿಲ್ಲ, ಅದಕ್ಕೆ ಸಾರಜನಕ ಬೇಕು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿಯುವ ಶಕ್ತಿ ಶಿಲೀಂಧ್ರಕ್ಕಿಲ್ಲ. ಒಣಹುಲ್ಲಿನಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇಕಡ 1ನ್ನೂ ಮುಟ್ಟುವುದಿಲ್ಲ. ಈ ಕೊರತೆ ಎಷ್ಟು ತೀವ್ರವೆಂದರೆ, ಚಿಪ್ಪಣಬೆಯ ಎಳೆಗಳು ಸೂಕ್ಷ್ಮ ದುಂಡುಹುಳುಗಳನ್ನು ನಿಶ್ಚೇಷ್ಟಗೊಳಿಸಿ, ಅವುಗಳ ದೇಹದಿಂದಲೂ ಸಾರಜನಕವನ್ನು ಪಡೆಯುತ್ತವೆ. ಬೆಳೆಗಾರರು ಹುಲ್ಲಿಗೆ ತೌಡು ಬೆರೆಸುವುದು ಇದೇ ಕಾರಣಕ್ಕೆ. ಕಳೆದ ಬಾರಿ ನಾನು ಆಸೆಗೆ ಬಿದ್ದು ತೌಡನ್ನು ಹೆಚ್ಚು ಹಾಕಿದ್ದರಿಂದ ಚೀಲ ಒಳಗೊಳಗೇ ಕಾದು, ಹಸಿರು ಬೂಷ್ಟು ಹಿಡಿದು, ಎಲ್ಲವನ್ನೂ ಎಸೆಯಬೇಕಾಯಿತು.

ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಸಿ ಅಣಬೆಯಲ್ಲಿ ಶೇಕಡ 90ರಷ್ಟು ನೀರೇ ಇರುವುದರಿಂದ 100 ಗ್ರಾಂಗೆ ಸಿಗುವ ಪ್ರೊಟೀನ್ ಸುಮಾರು 3 ಗ್ರಾಂ. ಅಣಬೆಯ ಸಾರಜನಕದಲ್ಲಿ ಒಂದು ಪಾಲು ಪ್ರೊಟೀನಿನಲ್ಲಲ್ಲ, ಅದರ ಜೀವಕೋಶಗಳ ಗೋಡೆಯ ಕೈಟಿನ್‌ನಲ್ಲಿ ಇರುವುದರಿಂದ, ಪ್ರೊಟೀನ್ ಲೆಕ್ಕ ಹಾಕುವಾಗ ಸಾರಜನಕವನ್ನು ವಾಡಿಕೆಯಂತೆ 6.25ರಿಂದ ಗುಣಿಸದೆ 4.38ರಿಂದ ಗುಣಿಸುತ್ತಾರೆ. ಮಾರಾಟದ ಪೊಟ್ಟಣದ ಮೇಲೆ ಪ್ರೊಟೀನಿನ ಅಂಕಿ ತೀರಾ ಹೆಚ್ಚಾಗಿ ಕಂಡರೆ, ಯಾವ ಅಂಕಿಯಿಂದ ಗುಣಿಸಿದ್ದಾರೆ ಎಂದು ಕೇಳುವುದು ನ್ಯಾಯ.

ಅಣಬೆ ಮೂಡುವವರೆಗೆ ಕಾಯದೆ ಎಳೆಗಳನ್ನೇ ತಿನ್ನುವ ದಾರಿಯೂ ಇದೆ. 1985ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಕ್ವಾರ್ನ್ ಎಂಬ ಆಹಾರ, ಫ್ಯುಸೇರಿಯಂ ಎಂಬ ಶಿಲೀಂಧ್ರದ ಎಳೆಗಳಿಂದ ತಯಾರಾದದ್ದು. ಆದರೆ ಅದಕ್ಕೆ ಉಣಿಸುವುದು ಹುಲ್ಲನ್ನಲ್ಲ, ಗ್ಲೂಕೋಸನ್ನು. ಇಂಡೋನೇಷ್ಯಾದ ಪಶ್ಚಿಮ ಜಾವಾದ ಓಂಚೊಮ್ ಎಂಬ ತಿನಿಸು ನನ್ನ ಮನಸ್ಸಿಗೆ ಇನ್ನೂ ಹತ್ತಿರ: ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿ ಅಥವಾ ಸೋಯಾ ಹಾಲು ಹಿಂಡಿದ ಚರಟದ ಮೇಲೆ ನ್ಯೂರೋಸ್ಪೋರಾ ಎಂಬ ಕಿತ್ತಳೆ ಬಣ್ಣದ ಬೂಷ್ಟನ್ನು ಬೆಳೆಸಿ, ಇಡೀ ಬಿಲ್ಲೆಯನ್ನೇ ಬೇಯಿಸಿ ತಿನ್ನುತ್ತಾರೆ. ಹಿಂಡಿಯಲ್ಲಿ ಸಾರಜನಕ ಮೊದಲೇ ಇರುವುದರಿಂದ ಅಲ್ಲಿ ತೌಡಿನ ಚಿಂತೆಯಿಲ್ಲ.

ನನ್ನ ಚೀಲಕ್ಕೆ ಇಂದು ಬ್ಲೇಡಿನಿಂದ ನಾಲ್ಕು ಕಡೆ ಸೀಳು ಹಾಕಿದ್ದೇನೆ. ಈ ಸೀಳುಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಗ್ಗುಗಳು ಮೂಡುವವರೆಗೆ ಗೋಡೆಗೆ ಮತ್ತು ನೆಲಕ್ಕೆ ನೀರು ಚಿಮುಕಿಸಿ ತೇವ ಕಾಯುವುದೊಂದೇ ನನ್ನ ಕೆಲಸ.