ರೈಟರ್ ಮೇಜಿನಿಂದ ಶುರು ಮಾಡಿ

ನಮಸ್ಕಾರ, ದಾವಣಗೆರೆಯಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಪೊಲೀಸ್ ಠಾಣೆಯ ಕಂಪ್ಯೂಟರ್.

ಪ್ರತಿ ಠಾಣೆಯಲ್ಲೂ ರೈಟರ್ ಅಂತ ಒಬ್ಬರು ಇರುತ್ತಾರೆ. ಹೆಚ್ಚಾಗಿ ಹೆಡ್ ಕಾನ್‌ಸ್ಟೆಬಲ್. ಠಾಣೆಗೆ ಹೋದವರಿಗೆ ಇನ್ಸ್‌ಪೆಕ್ಟರ್ ಸಿಗದೇ ಇರಬಹುದು, ರೈಟರ್ ಸಿಕ್ಕೇ ಸಿಗುತ್ತಾರೆ. ದೂರು, ಎಫ್‌ಐಆರ್, ಮಹಜರ್, ಸಾಕ್ಷಿ ಹೇಳಿಕೆ, ರಿಮಾಂಡ್ ಅರ್ಜಿ, ಚಾರ್ಜ್‌ಶೀಟ್ ಎಲ್ಲವೂ ಅವರ ಕೈ ದಾಟಿಯೇ ಕೋರ್ಟಿಗೆ ಹೋಗಬೇಕು. ನಾನು ಸಾಫ್ಟ್‌ವೇರ್ ಬರೆದು ಬದುಕುವವನು. ನನ್ನ ಮಾತು ಇಷ್ಟೇ: ಪೊಲೀಸರ ಕೇಸು ನಡೆಸುವ ಸಾಫ್ಟ್‌ವೇರ್ ಬರೆಯುವವರು ಈ ರೈಟರ್ ಮೇಜಿನಿಂದ ಶುರು ಮಾಡಬೇಕು. ಮೀಟಿಂಗ್ ಹಾಲಿನ ದೊಡ್ಡ ಪರದೆಯಿಂದ ಅಲ್ಲ.

ಮೊದಲು ಆಗಿರುವ ಕೆಲಸ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. 2008ರ ಮುಂಬೈ ದಾಳಿಯ ನಂತರ, 2009ರಲ್ಲಿ ಕೇಂದ್ರ ಸರ್ಕಾರ ಸಿಸಿಟಿಎನ್‌ಎಸ್ ಯೋಜನೆಗೆ 2,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ದೇಶದ ಠಾಣೆಗಳನ್ನೆಲ್ಲ ಒಂದು ಜಾಲಕ್ಕೆ ತರುವ ಯೋಜನೆ ಅದು. ನಮ್ಮ ರಾಜ್ಯದ ಠಾಣೆಗಳಲ್ಲಿ ನಡೆಯುವುದು ಪೊಲೀಸ್ ಐಟಿ ಅನ್ನುವ ಸಾಫ್ಟ್‌ವೇರ್. 2016ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಸೂಕ್ಷ್ಮವಾದ ಕೇಸು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಿ ಅಂತ. ಒಂದು ಕಾಲದಲ್ಲಿ ಎಫ್‌ಐಆರ್ ಪ್ರತಿಗಾಗಿ ಠಾಣೆಗೆ ಅಲೆಯಬೇಕಿತ್ತು. ಈಗ ಮೊಬೈಲಿನಲ್ಲೇ ನೋಡಬಹುದು. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ರೈಟರ್ ಮೇಜಿನ ಮೇಲೆ ಏನಾಯಿತು? ಕೆಲಸ ಜಾಸ್ತಿ ಆಯಿತು.

ಹಿರಿಯೂರಿನಿಂದ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಯಾವುದಾದರೂ ಠಾಣೆ ತಗೊಳ್ಳಿ. ರಾತ್ರಿ ಲಾರಿಯೊಂದು ಬೈಕಿಗೆ ಹೊಡೆದು ಒಬ್ಬರು ತೀರಿಕೊಂಡರು ಅಂದುಕೊಳ್ಳಿ. ಪೊಲೀಸ್ ಐಟಿಯಲ್ಲಿ ಎಫ್‌ಐಆರ್ ಆಗಬೇಕು. ಅದೇ ಅಪಘಾತ, ರಸ್ತೆ ಅಪಘಾತಗಳನ್ನು ದಾಖಲಿಸುವ ಐರಾಡ್ ಆ್ಯಪಿಗೂ ಹೋಗಬೇಕು. ಪರಿಹಾರದ ಟ್ರಿಬ್ಯೂನಲ್‌ಗೆ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ಪೂರ್ತಿ ವರದಿ. ಇದು 2022ರಿಂದ ಇರುವ ನಿಯಮ. ಇದರ ಜೊತೆಗೆ ಮೇಲಿನ ಕಚೇರಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ವರದಿ, ಕಪಾಟಿನ ರಿಜಿಸ್ಟರಿನಲ್ಲಿ ಒಂದು ಸಾಲು. ತೀರಿಕೊಂಡವರ ಹೆಸರು, ವಯಸ್ಸು, ವಾಹನದ ನಂಬರ್ ಎಲ್ಲವನ್ನೂ ಮತ್ತೆ ಮತ್ತೆ ಬರೆಯಬೇಕು. ನಿದ್ದೆಗೆಟ್ಟ ಕೈ ಒಂದು ಕಡೆ 45 ವರ್ಷ ಅಂತ ಬರೆಯುತ್ತದೆ, ಇನ್ನೊಂದು ಕಡೆ 46.

ಒಂದು ವರ್ಷದ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಅಪಘಾತ ಪರಿಹಾರದ ಲೆಕ್ಕ ವಯಸ್ಸಿನ ಮೇಲೆ ನಿಂತಿದೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ ಪ್ರಕಾರ 41ರಿಂದ 45ರವರೆಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 14. 46 ಆದರೆ 13. ಅಂದರೆ ಆ ಮನೆಗೆ ದುಡಿದು ಹಾಕುತ್ತಿದ್ದವರ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಪರಿಹಾರದಿಂದ ಬಿಟ್ಟುಹೋಗಬಹುದು. ವಿಮಾ ಕಂಪನಿಯ ವಕೀಲರು ಕೋರ್ಟಿನಲ್ಲಿ ಹಿಡಿಯುವುದು ಇಂಥ ವ್ಯತ್ಯಾಸವನ್ನೇ. ಆಗ ರೈಟರ್ ಮೇಲೆ ಸಿಟ್ಟಾಗುತ್ತೇವೆ. ಒಂದೇ ಮಾತನ್ನು ಐದು ಕಡೆ ಬರೆಸಿದ ಸಾಫ್ಟ್‌ವೇರ್ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಒಂದು ಸಲ ಬರೆದದ್ದನ್ನು ಇನ್ನೊಂದು ಸಲ ಬರೆಸಬಾರದು. ಮಿಕ್ಕ ಎಲ್ಲ ಸೌಲಭ್ಯಗಳು ಇದರ ನಂತರ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಹೊರಗಿನ ಕಂಪನಿಗಳು ತುಂಬಾ ಹಗುರವಾಗಿ ತಗೊಳ್ಳುವ ವಿಷಯ ಇದು. ನಮ್ಮ ಕಚೇರಿಗಳಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ರೂಢಿಯಾದವರು ಬಹಳ ಜನ ಇದ್ದಾರೆ. ಅದನ್ನು ಯೂನಿಕೋಡ್ ಪೆಟ್ಟಿಗೆಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ. ಪೇಸ್ಟ್ ಮಾಡಿದ ಕೂಡಲೇ ತಾನಾಗಿ ಬದಲಾಗುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ, ಬದಲಾಯಿಸುವ ವಿಧಾನಗಳು ಬಂದು ವರ್ಷಗಳಾದವು. ಆದರೆ ಅದು ಬೇಕು ಅಂತ ಗೊತ್ತಾಗಬೇಕಾದರೆ ರೈಟರ್ ಪಕ್ಕ ಕೂತು ನೋಡಿರಬೇಕು, ಅಲ್ವಾ?

ಹೆಸರು ಹುಡುಕುವುದು ಇನ್ನೂ ದೊಡ್ಡ ವಿಷಯ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಸುತ್ತಮುತ್ತ ತಿಪ್ಪೇಸ್ವಾಮಿ ಅನ್ನುವವರು ಇಲ್ಲದ ಊರು ಸಿಗುವುದು ಕಷ್ಟ. ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳು ಭಕ್ತಿಯಿಂದ ಇಡುವ ಹೆಸರು. ತಿಪ್ಪೇಸ್ವಾಮಿ, ತಿಪ್ಪೆಸ್ವಾಮಿ, ತಿಪ್ಪಯ್ಯ, ತಿಪ್ಪಮ್ಮ. ಇನ್ನೊಂದು ಕಡೆ ಓಬಯ್ಯ, ಓಬಳೇಶ, ಬೋರಯ್ಯ. ಇಂಗ್ಲಿಷಿನಲ್ಲಿ ಬರೆದರೆ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಊರಿನ ಹೆಸರೂ ಹಾಗೆಯೇ, ಗೊಲ್ಲರಹಟ್ಟಿ ಅಂದರೆ ಯಾವ ಗೊಲ್ಲರಹಟ್ಟಿ? ಜಿಲ್ಲೆಯಲ್ಲಿ ಎಷ್ಟು ಬೇಕಾದರೂ ಇವೆ. ಸಾಫ್ಟ್‌ವೇರ್ ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿದರೆ ಬೇಕಾದ ಆರೋಪಿ ಸಿಗುವುದಿಲ್ಲ. ಸಡಿಲವಾಗಿ ನೋಡಿದರೆ ಯಾವುದೋ ಹಳೇ ವಾರಂಟ್ ಇನ್ಯಾವುದೋ ತಿಪ್ಪೇಸ್ವಾಮಿಯ ಮನೆ ಬಾಗಿಲಿಗೆ ಹೋಗುತ್ತದೆ. ಕೂಲಿಗೆ ಹೋಗುವ ಮನುಷ್ಯ ಅದು ನಾನಲ್ಲ ಅಂತ ತೋರಿಸಲು ಕೆಲಸ ಬಿಟ್ಟು ಕೋರ್ಟಿಗೆ ಹೋಗಬೇಕು.

ಹಾಗಾಗಿ ಹುಡುಕಾಟ ಕನ್ನಡದ ಉಚ್ಚಾರಣೆಯ ಮೇಲೆ ನಡೆಯಬೇಕು. ತಂದೆಯ ಹೆಸರು, ಹಟ್ಟಿ, ವಯಸ್ಸು ಎಲ್ಲ ಒಟ್ಟಿಗೆ ನೋಡಬೇಕು. ಫಲಿತಾಂಶದಲ್ಲಿ ಇವರೇ ಅಂತ ಯಾವತ್ತೂ ತೋರಿಸಬಾರದು. ಹೋಲುವವರು ಅಂತ ತೋರಿಸಬೇಕು. ತೀರ್ಮಾನ ಮಾಡಿದ ಅಧಿಕಾರಿ ಯಾರು, ಯಾಕೆ ಹಾಗೆ ತೀರ್ಮಾನಿಸಿದರು ಅನ್ನುವುದು ದಾಖಲಾಗಬೇಕು. ಇನ್ನೊಂದು ಮಾತು. ಕೇಸಿನಲ್ಲಿ ಹುರುಳಿಲ್ಲ ಅಂತ ಪೊಲೀಸರು ಬಿ ರಿಪೋರ್ಟ್ ಹಾಕಿ ಕೋರ್ಟು ಒಪ್ಪಿದರೆ, ಅಥವಾ ಖುಲಾಸೆ ಆದರೆ, ಅದು ಆ ವ್ಯಕ್ತಿಯ ಹೆಸರಿನ ಮುಂದೆ ಮೊದಲ ಸಾಲಿನಲ್ಲೇ ಕಾಣಬೇಕು. ಕೇಸು ಹಾಕಿದ್ದು ಪಟ್ಟಿಯಲ್ಲಿ ಉಳಿದು, ಬಿಡುಗಡೆ ಆದದ್ದು ಫೈಲಿನಲ್ಲೇ ಕೊಳೆಯುವುದು ದೊಡ್ಡ ಅನ್ಯಾಯ.

ದಿನಗಳ ಲೆಕ್ಕವೂ ಇದೆ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ: ಅಪರಾಧ, ಶಿಕ್ಷೆ ಹೇಳುವ ಐಪಿಸಿ ಬದಲು ಬಿಎನ್‌ಎಸ್, ತನಿಖೆ, ವಿಚಾರಣೆಯ ವಿಧಾನ ಹೇಳುವ ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್. ಕೊಲೆಗೆ 302ನೇ ಕಲಂ ಹೋಗಿ 103 ಬಂತು, ವಂಚನೆಯ 420 ಹೋಗಿ 318 ಆಯಿತು. ಆದರೆ ಕೃತ್ಯ ಅದಕ್ಕೂ ಮೊದಲು ನಡೆದಿದ್ದರೆ ಹಳೇ ಐಪಿಸಿಯೇ. ಅಂದರೆ ಸಾಫ್ಟ್‌ವೇರ್ ನೋಡಬೇಕಾದದ್ದು ದೂರು ಕೊಟ್ಟ ದಿನವನ್ನಲ್ಲ, ಕೃತ್ಯ ನಡೆದ ದಿನವನ್ನು. ಆರೋಪಿ ಜೈಲಿನಲ್ಲಿದ್ದಾಗ ಚಾರ್ಜ್‌ಶೀಟ್ ಹಾಕಲು 60 ದಿನ, ಗಂಭೀರ ಕೇಸಿಗೆ 90 ದಿನ. ಅದು ದಾಟಿದರೆ ಜಾಮೀನು ಆರೋಪಿಯ ಹಕ್ಕು. ಈ ದಿನ ಎಣಿಸುವುದು ಬಂಧನದಿಂದ ಅಲ್ಲ, ಮ್ಯಾಜಿಸ್ಟ್ರೇಟ್ ರಿಮಾಂಡ್ ಮಾಡಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋಡ್ ಬರೆಯುವವರು ಇಲ್ಲಿ ಆ ಒಂದು ದಿನ ಬಿಟ್ಟು ಎಣಿಸಿದರೆ ಇಡೀ ಠಾಣೆಯ ಶ್ರಮ ಕೈತಪ್ಪುತ್ತದೆ.

ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತು, ಅದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಬ್ಯಾಂಕಿನಿಂದ 17 ಕಿಲೋಗೂ ಜಾಸ್ತಿ ಚಿನ್ನ ಹೋದದ್ದು ನಿಮಗೆಲ್ಲ ನೆನಪಿರಬೇಕು. ಜನ ಅಡ ಇಟ್ಟಿದ್ದ ಒಡವೆ ಅದು. ನಮ್ಮ ಜಿಲ್ಲೆಯ ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, 2025ರ ಮಾರ್ಚ್ ಹೊತ್ತಿಗೆ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯಿಂದ ಚಿನ್ನ ಮೇಲೆತ್ತಿದರು. ಮನಸ್ಸು ತುಂಬಿ ಬಂದ ಕೆಲಸ ಅದು. ಆದರೆ ಚಿನ್ನ ಸಿಕ್ಕಿತು ಅನ್ನುವಲ್ಲಿಗೆ ಪತ್ರಿಕೆಯ ಸುದ್ದಿ ಮುಗಿಯುತ್ತದೆ, ಠಾಣೆಯ ಕೆಲಸ ಅಲ್ಲಿಂದ ಶುರುವಾಗುತ್ತದೆ. ಇಂಥ ಕೇಸಿನಲ್ಲಿ ಒಂದೊಂದು ಸರ, ಒಂದೊಂದು ಬಳೆ, ಒಂದೊಂದು ತಾಳಿಯನ್ನೂ ತೂಕ ಮಾಡಿ, ಫೋಟೊ ತೆಗೆದು, ಪಿಎಫ್ ನಂಬರ್ (ಜಪ್ತಿ ಪಟ್ಟಿಯ ನಂಬರ್) ಹಾಕಿ, ಯಾರ ಸಾಲದ ಖಾತೆಯದು ಅಂತ ಹೊಂದಿಸಬೇಕು. ಕೋರ್ಟಿಗೆ ಒಪ್ಪಿಸಬೇಕು.

ಹೊಸ ಬಿಎನ್‌ಎಸ್‌ಎಸ್‌ನ 497ನೇ ಕಲಂ ಇಲ್ಲಿ ಒಳ್ಳೆಯ ದಾರಿ ತೋರಿಸಿದೆ. ವಸ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಪಟ್ಟಿ, ಜೊತೆಗೆ ಫೋಟೊ, ಬೇಕಾದರೆ ವಿಡಿಯೊ. ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ. ವಿಚಾರಣೆಯಲ್ಲಿ ಆ ಪಟ್ಟಿ, ಫೋಟೊಗಳನ್ನೇ ಸಾಕ್ಷ್ಯವಾಗಿ ಬಳಸಬಹುದು. ಅಂದರೆ ಕದ್ದ ಬೈಕು ಠಾಣೆ ಅಂಗಳದಲ್ಲಿ ತುಕ್ಕು ಹಿಡಿಯುತ್ತಾ ವರ್ಷಗಟ್ಟಲೆ ನಿಲ್ಲಬೇಕಾಗಿಲ್ಲ. ಆದರೆ ಪ್ರತಿ ವಸ್ತುವಿಗೂ ಅಂಟಿಸುವ ಒಂದು ಬಾರ್‌ಕೋಡ್, ಅದು ಕೋಣೆಯಿಂದ ಹೊರಗೆ ಹೋದಾಗಲೆಲ್ಲ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಅನ್ನುವ ದಾಖಲೆ, ಇಲ್ಲೇ ನಮ್ಮ ದಾವಣಗೆರೆಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ಗೆ ಕಳಿಸಿದರೆ ವರದಿ ಬಂದ ಕೂಡಲೇ ತನಿಖಾಧಿಕಾರಿಗೆ ತಿಳಿಯುವ ಏರ್ಪಾಡು, ಇವಿಲ್ಲದೆ ಕಲಂ ಪುಸ್ತಕದಲ್ಲೇ ಉಳಿಯುತ್ತದೆ. ಹಿರಿಯರ ಡ್ಯಾಶ್‌ಬೋರ್ಡಿಗೆ ಬಣ್ಣದ ಚಾರ್ಟ್ ಮಾಡುವ ಮೊದಲು ಮುದ್ದೆಮಾಲು ಕೋಣೆಗೆ ಬಾರ್‌ಕೋಡ್ ಕೊಡಿ ಅಂತ ಕೈಮುಗಿದು ಕೇಳುತ್ತೇನೆ.

ಶೋಧ ಮತ್ತು ಜಪ್ತಿಯನ್ನು ಈಗ ವಿಡಿಯೊ ಮಾಡಲೇಬೇಕು. ಅದಕ್ಕೆ ಇ-ಸಾಕ್ಷ್ಯ ಆ್ಯಪ್ ಇದೆ. ಜಗಳೂರಿನ ಯಾವುದೋ ಹೊಲದಲ್ಲಿ, ಮೊಳಕಾಲ್ಮೂರಿನ ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ರೆಕಾರ್ಡ್ ಆಗಬೇಕು, ಅಲ್ಲೇ ಹ್ಯಾಶ್ (ವಿಡಿಯೊ ತಿದ್ದಿಲ್ಲ ಅಂತ ತೋರಿಸುವ ಗುರುತು) ಕೂಡ ತಯಾರಾಗಬೇಕು. ಸಿಗ್ನಲ್ ಸಿಕ್ಕಾಗ ಕೇಸಿನ ನಂಬರಿಗೆ ತಾನಾಗಿ ಸೇರಬೇಕು.

ಜಿಲ್ಲೆಗಳ ಗಡಿ ಕೂಡ ಬದಲಾಗುತ್ತದೆ ಅನ್ನುವುದನ್ನು ಬೆಂಗಳೂರಿನಲ್ಲಿ ಕೂತವರು ಮರೆಯುತ್ತಾರೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಚಿತ್ರದುರ್ಗದಿಂದ ಒಡೆದು. ಹರಪನಹಳ್ಳಿ ಬಳ್ಳಾರಿಯಿಂದ ನಮ್ಮ ಕಡೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆ. ಊರು ಅಲ್ಲೇ ಇದೆ, ಎಸ್‌ಪಿ ಕಚೇರಿ ಮಾತ್ರ ಬದಲಾಗುತ್ತಾ ಹೋಯಿತು. ಹಳೇ ಕೇಸಿನ ಜಾಡು ಹಿಡಿಯಲು ಮೂರು ಜಿಲ್ಲೆ ತಿರುಗುವಂತೆ ಆಗಬಾರದು.

ಕೊನೆಯದಾಗಿ ದೂರು ಕೊಟ್ಟವರ ಬಗ್ಗೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಬಿಎನ್‌ಎಸ್‌ಎಸ್‌ನ 193ನೇ ಕಲಂ ಹೇಳುತ್ತದೆ. ಮೊಬೈಲಿಗೆ ಸಂದೇಶ ಕಳಿಸಿದರೂ ಸಾಕು. "ನಿಮ್ಮ ಕೇಸು ತನಿಖೆಯಲ್ಲಿದೆ" ಅನ್ನುವ ಒಣ ಸಾಲು ಬೇಡ. ಎಫ್‌ಎಸ್‌ಎಲ್ ವರದಿಗೆ ಕಾಯುತ್ತಿದ್ದೇವೆ, ಇಂಥ ಅಧಿಕಾರಿ ನೋಡುತ್ತಿದ್ದಾರೆ, ಮುಂದಿನ ಹಂತ ಇದು ಅಂತ ತಿಳಿಯುವ ಕನ್ನಡದಲ್ಲಿ ಬರಲಿ. ಓದಲು ಬಾರದವರಿಗೆ ಧ್ವನಿ ಸಂದೇಶ ಹೋಗಲಿ. ಮಗಳು ಕಾಣೆಯಾದ ತಾಯಿ ಬಸ್ ಚಾರ್ಜ್ ಹೊಂದಿಸಿಕೊಂಡು ಬಂದು, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ ಅನ್ನಿಸಿಕೊಂಡು ವಾಪಸ್ ಹೋಗುವುದು ನಿಲ್ಲಲಿ.

ಇದನ್ನೆಲ್ಲ ಯಾರು ಕಟ್ಟಬೇಕು? ನಮ್ಮಲ್ಲೇ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆ ವರ್ಷದ ಹುಡುಗ ಹುಡುಗಿಯರನ್ನು ನಿಜವಾದ ಕೇಸಿನ ಮಾಹಿತಿ ಕೊಡದೆ, ಕಲ್ಪಿತ ಕೇಸುಗಳ ಮೇಲೆ ಕೆಲಸಕ್ಕೆ ಹಚ್ಚಬಹುದು. ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಯಾವ ಹೊಸ ಸ್ಕ್ರೀನ್ ಬಂದರೂ ಮೊದಲು ಅಲ್ಲಿ ತರಬೇತಿಗೆ ಬಂದವರು ಬಳಸಿ ನೋಡಲಿ. ಸಾಫ್ಟ್‌ವೇರ್ ತಂಡದಲ್ಲಿ ಕನಿಷ್ಠ ಇಬ್ಬರು ಅನುಭವಿ ರೈಟರ್‌ಗಳು ಪೂರ್ತಿ ಸಂಬಳದ ಮೇಲೆ, ಬಂದೋಬಸ್ತ್ ಡ್ಯೂಟಿ ಇಲ್ಲದೆ ಕೂರಲಿ. ಅವರಿಬ್ಬರೂ ಸಹಿ ಹಾಕದ ಸ್ಕ್ರೀನ್ ಯಾವ ಠಾಣೆಗೂ ಹೋಗಬಾರದು ಅಂತ ಟೆಂಡರಿನಲ್ಲೇ ಬರೆಯಿರಿ.