ಮಳೆಗಾಲದ ಕಣದಲ್ಲಿ ಒಬ್ಬಳೇ: ಕ್ಯಾಮೆರಾಕ್ಕೆ ಕಟ್ಟುವ ನೃತ್ಯ

ಒಂಟಿತನದ ಮೇಲೆ ನೃತ್ಯಚಿತ್ರ ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಬೇಲೂರು. ಬೇಡ. ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು ಅನ್ನೋದು ಹಾಗಿರಲಿ, ಅಸಲು ಕಾರಣ ಬೇರೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಆ ಗುಡಿಯ ಗೋಡೆ ತುಂಬ ಜನ. ಮದನಿಕೆಯರು, ಮದ್ದಳೆಯವರು, ಕೆಳಗೆ ಆನೆಗಳ ಸಾಲು. ಅದರ ಮುಂದೆ ಯಾರು ಕುಣಿದರೂ ಬಳಗದ ನಡುವೆ ಇದ್ದ ಹಾಗೇ ಕಾಣುತ್ತೆ.

ಚಿಕ್ಕಮಗಳೂರಿನ ಯಾವುದಾದರೂ ತೋಟದ ಕಾಫಿ ಕಣಕ್ಕೆ ಜುಲೈನಲ್ಲಿ ಹೋಗಿ. ಕೊಯ್ಲಿನ ಕಾಲದಲ್ಲಿ ಹಣ್ಣು ಹರವಿ, ಗೋರಿ, ಚೀಲ ತುಂಬೋ ಜನರಿಂದ ಗಿಜಿಗುಡುವ ಜಾಗ ಅದು. ಈಗ ಬರೀ ಸಿಮೆಂಟು, ಪಾಚಿ, ಸುತ್ತ ಸಿಲ್ವರ್ ಓಕ್, ಮಂಜು. ನೃತ್ಯಗಾತಿ ಹೆಜ್ಜೆ ಇಡೋ ಮೊದಲೇ ಅರ್ಧ ಕೆಲಸ ಆಗಿರುತ್ತೆ.

ಭರತನಾಟ್ಯ ಕಲಿತವರು ಇಲ್ಲಿ ಎಡವೋದು ವಿರಹದಲ್ಲಿ. ವಿರಹ ಬೇರೆ, ಒಂಟಿತನ ಬೇರೆ. ಪದ ಅನ್ನೋ ಪ್ರೇಮಗೀತೆಯ ನಾಯಿಕೆ ಸಖಿಯ ಹತ್ತಿರ ದೂರು ಹೇಳ್ತಾಳೆ, ಅಂದರೆ ಕೇಳೋ ಕಿವಿ ಒಂದಿದೆ. ಒಂಟಿತನದಲ್ಲಿ ಆ ಕಿವಿಯೇ ಇಲ್ಲ. ಕಣ್ಣೀರು, ನಡುಗೋ ತುಟಿ, ಕ್ಲೋಸಪ್ಪು ಎಲ್ಲ ಬಿಟ್ಟುಬಿಡಿ. ಕೈ ಹೋದ ಕಡೆ ಕಣ್ಣು ಹೋಗಬೇಕು ಅಂತ ಕಲಿಸಿರ್ತಾರಲ್ಲ, ಅದನ್ನ ಬೇಕಂತಲೇ ಮುರೀರಿ. ಹಸ್ತ ಯಾರನ್ನೋ ಕರೀತಿರಲಿ, ಕಣ್ಣು ನೆಲದ ಮೇಲೇ ಇರಲಿ. ತಾಳದ ನಾಲ್ಕೈದು ಸುತ್ತು (ಆವರ್ತ) ಹಾಗೇ ನಡೆದರೆ ನೋಡೋರಿಗೆ ಕಸಿವಿಸಿ ಶುರುವಾಗುತ್ತೆ.

ಕ್ಯಾಮೆರಾ ಅವಳ ಹಿಂದೆ ಓಡಬಾರದು. ಕ್ಯಾಮೆರಾ ಅಲುಗದ ಹಾಗೆ ಹಿಡಿಯೋ ಗಿಂಬಲ್ ಹಿಡಿದು ಹಿಂಬಾಲಿಸಿದರೆ ಅವಳಿಗೊಬ್ಬ ಜೊತೆಗಾರ ಸಿಕ್ಕಿಬಿಟ್ಟ! ಟ್ರೈಪಾಡ್, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 24 ಎಂಎಂ ಲೆನ್ಸ್, ಅವಳು 40 ಅಡಿ ದೂರ. ಆಗ ಅವಳ ಎತ್ತರ ಫ್ರೇಮಿನ ಆರನೇ ಒಂದು ಭಾಗ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಸ್ಲೋ ಮೋಷನ್ ಬೇಡವೇ ಬೇಡ, ಮೈಯ ಭಾರವೇ ಮಾಯವಾಗಿ ಎಲ್ಲ ಬರೀ ಚೆಂದ ಆಗಿಬಿಡುತ್ತೆ. ಒಂದೊಂದು ಶಾಟ್ ಒಂದೂವರೆ ನಿಮಿಷ ಇರಲಿ. ಕಟ್ ಮಾಡಲೇಬೇಕಾದರೆ ಅಮೆರಿಕದ ಪ್ರಯೋಗಶೀಲ ಚಿತ್ರ ನಿರ್ದೇಶಕಿ ಮಾಯಾ ಡೆರೆನ್ 1945ರಲ್ಲೇ ದಾರಿ ತೋರಿಸಿದ್ದಾರೆ: ಕಾಡಿನಲ್ಲಿ ಎತ್ತಿದ ಕಾಲು ಮನೆಯೊಳಗೆ ಇಳಿಯುತ್ತೆ. ಕಣದಲ್ಲಿ ಎತ್ತಿದ ಕಾಲು ಬೀಗ ಹಾಕಿದ್ದ ಲೈನ್ ಮನೆಯೊಳಗೆ (ತೋಟದ ಕೂಲಿಯವರ ಸಾಲುಮನೆ) ಇಳಿಯಲಿ. ಎರಡೂ ಶಾಟಿನಲ್ಲಿ ಲೆನ್ಸಿನ ಎತ್ತರ, ಕಾಲು ಚಲಿಸೋ ದಿಕ್ಕು ಒಂದೇ ಇರಬೇಕು. ಇಲ್ಲದಿದ್ದರೆ ಹೆಜ್ಜೆ ಮುರಿಯುತ್ತೆ.

ಮಂಜಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತೆ. ಮ್ಯಾನ್ಯುಯಲ್ ಇಡಿ. ಒದ್ದೆ ಸಿಮೆಂಟಿಗೆ ಟೇಪು ಅಂಟಲ್ಲ, ಅವಳು ನಿಲ್ಲೋ ಜಾಗದ ಗುರುತಿಗೆ ಒಂದು ಸಣ್ಣ ಕಲ್ಲು ಸಾಕು. ಏಸಿ ಕಾರಿಂದ ಇಳಿಸಿದ ಕೂಡಲೇ ತೆಗೆದರೆ ಲೆನ್ಸ್ ಬೆವರುತ್ತೆ, ಅರ್ಧ ಗಂಟೆ ಬ್ಯಾಗಿನಲ್ಲೇ ಹೊರಗಿಡಿ. ಹಿಂದಿನ ದಿನವೇ ನಡುವಿನ 12 ಅಡಿ ಚೌಕಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಚೆನ್ನಾಗಿ ತೊಳೆದು ಬಿಡಿ. ಅಂಚಿನ ಪಾಚಿ ಮಾತ್ರ ಮುಟ್ಟಬೇಡಿ, ನೋಟಕ್ಕೆ ಅದು ಬೇಕು. ಸಿಮೆಂಟಿಗೆ ಮರದ ನೆಲದ ಹಾಗೆ ಬಾಗಿ ಪೆಟ್ಟು ತಡೆಯೋ ಗುಣ ಇಲ್ಲ. ತಟ್ಟಡವನ್ನ (ಪಾದ ನೆಲಕ್ಕೆ ತಟ್ಟೋ ಹೆಜ್ಜೆ) ಟೇಕ್ ಮೇಲೆ ಟೇಕ್ ತೆಗೆದರೆ ಹಿಮ್ಮಡಿ, ಮಂಡಿ ಎರಡೂ ಹೋಗುತ್ತೆ. ಜಿಗಿತ ಇಡಬೇಡಿ, ನಡಿಗೆ ಜಾಸ್ತಿ ಮಾಡಿ.

ಗೆಜ್ಜೆ ಬಿಚ್ಚಿಸಿ. ಗೆಜ್ಜೆ ಅಂದರೆ ಸಭೆ, ತಾಳದವರು, ಚಪ್ಪಾಳೆ. ಒದ್ದೆ ನೆಲದ ಮೇಲೆ ಬರಿಗಾಲಿನ ಸದ್ದು ಹತ್ತಿರದ ಮೈಕಿನಲ್ಲಿ ಬೇರೆಯೇ ಹಿಡೀರಿ. ಚಿತ್ರದಲ್ಲಿ ಅವಳು 40 ಅಡಿ ಆಚೆ, ಹೆಜ್ಜೆ ಮಾತ್ರ ನಮ್ಮ ಕಿವಿ ಪಕ್ಕದಲ್ಲಿ. ಅವಳು ಫ್ರೇಮ್ ಬಿಟ್ಟು ಹೋದ ಮೇಲೂ ಎರಡು ನಿಮಿಷ ರೆಕಾರ್ಡಿಂಗ್ ನಿಲ್ಲಿಸಬೇಡಿ. ಮರದಿಂದ ತೊಟ್ಟಿಕ್ಕೋ ಹನಿ, ಜೀರುಂಡೆ, ಖಾಲಿ ಕಣ. ಎಡಿಟಿಂಗಿಗೆ ಕೂತಾಗ ಮೊದಲು ಹುಡುಕೋದೇ ಅದನ್ನ.